ಗೇಮ್ ಮಾಡಿ ನೋಡು, ಮಾರಿ ನೋಡು!

"ಅಪ್ಪ, ನಿನ್ನ ಹತ್ತಿರ ಸ್ವಲ್ಪ ಮಾತಾಡಬೇಕು" ಎಂದು ಮಗಳು ಟಿ.ವಿ. ಆಫ್ ಮಾಡಿದಾಗಲೇ ನನ್ನ ಎದೆ ಧಸಕ್ಕೆಂದಿತು. ಇಪ್ಪತ್ತೇಳು ವರ್ಷದ ಮಗಳು ಹೀಗೆ ಪೀಠಿಕೆ ಹಾಕಿದರೆ ಒಂದೋ ಹುಡುಗನ ವಿಷಯ, ಇಲ್ಲವೇ ಕೆಲಸದ ವಿಷಯ. ಹುಡುಗನ ವಿಷಯವೇ ಆಗಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ನನ್ನವಳು ಹೇಳಿದಳು! ಮಗಳು ಕೆಲಸ ಬಿಡುತ್ತಾಳಂತೆ. ಮೂರು ವರ್ಷ ರಾತ್ರಿ, ಶನಿವಾರ, ಭಾನುವಾರಗಳಲ್ಲಿ ಕೂತು ಮಾಡಿದ ವಿಡಿಯೋ ಗೇಮನ್ನು ಮುಗಿಸಿ ಮಾರುಕಟ್ಟೆಗೆ ತರುತ್ತಾಳಂತೆ. ಮನೆ ಕೊಳ್ಳಲೆಂದು ಕೂಡಿಟ್ಟ ದುಡ್ಡಿನಲ್ಲಿ ಹದಿನೆಂಟು ತಿಂಗಳು ದೂಡಬಹುದಂತೆ.

ಗೇಮ್ ನನಗೆ ಗೊತ್ತಿತ್ತು. ಮಲೆನಾಡಿನ ಜಡಿಮಳೆ, ಒಬ್ಬಳು ಅಜ್ಜಿ, ಒಬ್ಬಳು ಮೊಮ್ಮಗಳು, ಕಳೆದುಹೋದ ಒಂದು ಕರು. ಬಂದೂಕಿಲ್ಲ, ಹೊಡೆದಾಟವಿಲ್ಲ. ಬೇಸಿಗೆ ರಜೆಯಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಹೋಗಿ ಬಂದ ನೆನಪನ್ನೆಲ್ಲ ಹುಡುಗಿ ಅದರಲ್ಲಿ ಸುರಿದಿದ್ದಾಳೆ.

"ಹೆಚ್ಚುಕಡಿಮೆ ಮುಗಿದಿದೆಯಲ್ಲ ಪುಟ್ಟಿ, ಅಂಗಡಿಗೆ ಹಾಕಿದರಾಯಿತು. ಅದಕ್ಕೆ ಹದಿನೆಂಟು ತಿಂಗಳು ಯಾಕೆ?" ಎಂದೆ.

"ನೀನು ಸಂಘದ ನಾಟಕದ ಸೆಕ್ರೆಟರಿ ಆಗಿದ್ದಾಗ ಏನು ಹೇಳ್ತಿದ್ದೆ?"

ನನ್ನ ಮಾತೇ ನನಗೆ ತಿರುಗುಬಾಣವಾಯಿತು. ನಾಟಕ ಕಲಿಸುವುದು ಒಂದು ಕಷ್ಟ, ಹಾಲ್ ತುಂಬಿಸುವುದು ಇನ್ನೊಂದು ಕಷ್ಟ ಎಂದು ಪ್ರತಿ ಕಮಿಟಿ ಮೀಟಿಂಗಿನಲ್ಲೂ ಗೊಣಗುತ್ತಿದ್ದವನು ನಾನೇ!

ದಿನಕ್ಕೆ ಐವತ್ತು ಗೇಮ್

ಕಂಪ್ಯೂಟರ್ ಗೇಮ್‌ಗಳ ಅತಿ ದೊಡ್ಡ ಅಂಗಡಿ ಸ್ಟೀಮ್. ಅದನ್ನು ನಡೆಸುವ ವಾಲ್ವ್ ಕಂಪನಿಯ ಆಫೀಸು ನಾವು ಕೊತ್ತಂಬರಿ, ಕರಿಬೇವಿಗೆ ಓಡಾಡುವ ಇದೇ ಬೆಲ್‌ವ್ಯೂನಲ್ಲಿದೆ. ಅಲ್ಲಿಗೆ ಗೇಮ್ ಹಾಕುವುದು ಕಷ್ಟವಲ್ಲ. 2017ಕ್ಕೆ ಮುಂಚೆ ಜನರ ವೋಟು ಗಿಟ್ಟಿಸಬೇಕಿತ್ತು. ಈಗ ಒಂದು ಗೇಮಿಗೆ 100 ಡಾಲರ್ ಕಟ್ಟಿದರೆ ಸಾಕು. 1,000 ಡಾಲರ್ ವ್ಯಾಪಾರವಾದರೆ ಆ ನೂರೂ ವಾಪಸ್ಸು.

ಬಾಗಿಲು ಅಷ್ಟು ಅಗಲವಾದ್ದರಿಂದಲೇ ನುಗ್ಗುವವರೂ ಅಷ್ಟೇ ಜನ. 2024ರಲ್ಲಿ ಸ್ಟೀಮ್‌ನಲ್ಲಿ ಬಿಡುಗಡೆಯಾದ ಗೇಮ್‌ಗಳು 18,000ಕ್ಕೂ ಹೆಚ್ಚು. ದಿನಕ್ಕೆ ಸುಮಾರು ಐವತ್ತು! ಒಂದೇ ಸಂಜೆ ಊರಿನಲ್ಲಿ ಐವತ್ತು ನಾಟಕ ನಡೆದರೆ ನಮ್ಮ ಹಾಲಿಗೆ ಯಾರು ಬರುತ್ತಾರೆ?

ದುಡ್ಡಿನ ಲೆಕ್ಕವನ್ನೂ ಕೇಳಿ. 15 ಡಾಲರಿಗೆ ಒಂದು ಪ್ರತಿ ಮಾರಿದರೆ ಅಂಗಡಿಯ ಪಾಲು ಶೇಕಡ 30. ಉಳಿಯುವುದು ಹತ್ತೂವರೆ. ಅದರಲ್ಲಿ ತೆರಿಗೆ ಕಟ್ಟಬೇಕು. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದವರು ಹಿಂತಿರುಗಿಸಿದರೆ ಪೂರ್ತಿ ದುಡ್ಡು ವಾಪಸ್ಸು. ಬಿಟ್ಟ ಕೆಲಸದ ಒಂದು ವರ್ಷದ ಸಂಬಳ ಬರಲು ಎಷ್ಟು ಸಾವಿರ ಜನ ಕೊಳ್ಳಬೇಕು, ನೀವೇ ಗುಣಿಸಿ ನೋಡಿ. ನಾನು ಗುಣಿಸಿದ ರಾತ್ರಿ ನಿದ್ದೆ ಬರಲಿಲ್ಲ.

"ಐದು ಡಾಲರಿಗೆ ಕೊಟ್ಟುಬಿಡು, ಎಲ್ಲರೂ ಕೊಳ್ಳುತ್ತಾರೆ" ಎಂದೆ. "ಮೊದಲೇ ಐದಕ್ಕೆ ಇಟ್ಟರೆ ಸೇಲ್ ಬಂದಾಗ ಏನು ಇಳಿಸಲಿ? ಅಷ್ಟು ಅಗ್ಗ ಅಂದರೆ ಸರಕು ಸರಿಯಿಲ್ಲ ಅಂತ ಜನ ತಿಳ್ಕೋತಾರೆ ಅಪ್ಪ" ಎಂದಳು. ಭಾರತಕ್ಕೆ ಮಾತ್ರ ರೂಪಾಯಿಯಲ್ಲಿ ಬೇರೆ, ಕಡಿಮೆ ಬೆಲೆ ಇಡಬಹುದಂತೆ.

ಇದೂ ಒಂದು ಆರ್‌ಎಸ್‌ವಿಪಿ

ಬಿಡುಗಡೆಗೆ ಕನಿಷ್ಠ ಎರಡು ವಾರ ಮೊದಲು ಗೇಮಿನ ಪುಟವನ್ನು ಅಂಗಡಿಯಲ್ಲಿ ತೆರೆದಿಡಬೇಕು ಎಂಬುದು ಸ್ಟೀಮ್ ನಿಯಮ. ತಿಳಿದವರು ಒಂದು ವರ್ಷ ಮೊದಲೇ ತೆರೆಯುತ್ತಾರೆ. ಇಷ್ಟವಾದವರು 'ವಿಶ್‌ಲಿಸ್ಟ್' ಗುಂಡಿ ಒತ್ತುತ್ತಾರೆ. ಬಿಡುಗಡೆಯ ದಿನ ಅವರಿಗೆಲ್ಲ ಅಂಗಡಿಯೇ ಇ-ಮೇಲ್ ಕಳಿಸುತ್ತದೆ. ಮುಂದೆ ಶೇಕಡ 20 ಅಥವಾ ಅದಕ್ಕಿಂತ ಹೆಚ್ಚು ರಿಯಾಯಿತಿ ಕೊಟ್ಟಾಗಲೂ ತಿಳಿಸುತ್ತದೆ. ನಮ್ಮ ಯುಗಾದಿ ಊಟದ ಆರ್‌ಎಸ್‌ವಿಪಿ ಇದ್ದಹಾಗೆ. ಬರುತ್ತೇವೆಂದವರೆಲ್ಲ ಬರುವುದಿಲ್ಲ. ಆದರೆ ಆರ್‌ಎಸ್‌ವಿಪಿ ಇಲ್ಲದೆ ಹೋಳಿಗೆ ಎಷ್ಟು ಮಾಡಿಸುತ್ತೀರಿ?

ಆ ಪುಟಕ್ಕೆ ಒಂದು ಚಿಕ್ಕ ಚಿತ್ರ, ನಾಲ್ಕು ಸಾಲು ವಿವರಣೆ, ಒಂದು ನಿಮಿಷದ ಟ್ರೇಲರ್. ಇಷ್ಟಕ್ಕೆ ಎರಡು ತಿಂಗಳು ಹಿಡಿಯಿತು! ಮೊದಲ ಟ್ರೇಲರಿನಲ್ಲಿ ಮೋಡ, ಬೆಟ್ಟ, ಅವಳ ಕಂಪನಿಯ ಹೆಸರು ಬರುವಷ್ಟರಲ್ಲಿ ಇಪ್ಪತ್ತು ಸೆಕೆಂಡು ಹೋಗಿರುತ್ತಿತ್ತು. "ಎಲೆ ಹಾಕಿ ನೀರು ಚಿಮುಕಿಸ್ತಾನೇ ಇದ್ದೀಯಲ್ಲೇ, ಬಡಿಸೋದು ಯಾವಾಗ?" ಎಂದು ಅವಳಮ್ಮ ಕೇಳಿದಳು. ಈಗ ಶುರುವಿನಲ್ಲೇ ಹುಡುಗಿ ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಓಡುತ್ತಾಳೆ.

ಆಮೇಲೆ ಡೆಮೊ. ಸ್ಟೀಮ್‌ನಲ್ಲಿ ಫೆಬ್ರವರಿ, ಜೂನ್, ಅಕ್ಟೋಬರ್‌ಗಳಲ್ಲಿ 'ನೆಕ್ಸ್ಟ್ ಫೆಸ್ಟ್' ಎಂಬ ಒಂದು ವಾರದ ಜಾತ್ರೆ. ಬರಲಿರುವ ಗೇಮ್‌ಗಳ ಡೆಮೊಗಳನ್ನು ಜನ ಬಿಟ್ಟಿ ಆಡಿ ನೋಡುತ್ತಾರೆ. ಒಂದು ಗೇಮಿಗೆ ಒಂದೇ ಸಲ ಅವಕಾಶ. ಅರೆಬೆಂದದ್ದನ್ನು ಬಡಿಸಿದರೆ ಅದೂ ಹೋಯಿತು.

ಅದಕ್ಕೇ ಜಾತ್ರೆಗೆ ಮೊದಲು ನಮ್ಮ ಸಂಘದ ಪಿಕ್‌ನಿಕ್ಕಿಗೆ ಲ್ಯಾಪ್‌ಟಾಪ್ ತಂದು ಮಕ್ಕಳ ಮುಂದಿಟ್ಟಳು. ತಾನು ಹಿಂದೆ ನೋಟ್‌ಬುಕ್ ಹಿಡಿದು ಕೂತಳು. ಬಾಯಿ ಬಿಡುವ ಹಾಗಿಲ್ಲ. ಆಡುವವರು ಎಲ್ಲಿ ತಡವರಿಸುತ್ತಾರೆಂದು ನೋಡಬೇಕು, ಅಷ್ಟೇ. ಹಳ್ಳ ದಾಟುವ ಸಂಕದ ಹತ್ತಿರ ಏಳು ಮಕ್ಕಳಲ್ಲಿ ಐದು ಮಕ್ಕಳು ಸಿಕ್ಕಿಬಿದ್ದರು. ಇಲ್ಲಿ ಹುಟ್ಟಿದ ಮಕ್ಕಳಿಗೆ ಅಡ್ಡ ಬಿದ್ದ ಅಡಿಕೆಮರ ಸೇತುವೆ ಎಂದು ಹೊಳೆಯುವುದು ಹೇಗೆ? "ಅದರ ಮೇಲೆ ಹತ್ತು ಮರಿ!" ಎಂದು ನಾನು ಕೂಗಿಬಿಟ್ಟೆ. ಮಗಳು ತಿರುಗಿ ನೋಡಿದ ನೋಟ ಇನ್ನೂ ಕಣ್ಣಮುಂದಿದೆ. ಮರುವಾರ ಆ ದೃಶ್ಯದಲ್ಲಿ ಒಂದು ನಾಯಿ ಸೇರಿತು. ಅದು ಮೊದಲು ಸಂಕ ದಾಟಿ ಆಚೆ ನಿಂತು ಬೊಗಳುತ್ತದೆ. ಈಗ ಯಾರೂ ಸಿಕ್ಕಿಬೀಳುವುದಿಲ್ಲ.

ಮುಂದೆ ಹೋದವರು

ಧೈರ್ಯಕ್ಕೆಂದು ಮಗಳು ನನಗೆ ಕೆಲವು ಕತೆ ಹೇಳಿದಳು. 'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಬೇಸಾಯದ ಗೇಮನ್ನು ನಮ್ಮ ಸಿಯಾಟಲ್ ಕಡೆಯ ಎರಿಕ್ ಬರೋನ್ ಸುಮಾರು ನಾಲ್ಕೂವರೆ ವರ್ಷ ಒಬ್ಬರೇ ಕೂತು ಮಾಡಿದರು. ಆಗ ಹೊಟ್ಟೆಪಾಡಿಗೆ ಪ್ಯಾರಮೌಂಟ್ ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ! 2012ರಲ್ಲೇ ಗೇಮನ್ನು ಜನರ ಮುಂದಿಟ್ಟು ಸುದ್ದಿ ಹೇಳುತ್ತಲೇ ಇದ್ದರು. 2016ರ ಫೆಬ್ರವರಿಯಲ್ಲಿ ಬಿಡುಗಡೆಯಾದಾಗ ಎರಡು ತಿಂಗಳಲ್ಲಿ ಹತ್ತು ಲಕ್ಷ ಪ್ರತಿ ಖರ್ಚಾದವು. 2024ರ ಕೊನೆಗೆ ನಾಲ್ಕು ಕೋಟಿ ದಾಟಿತ್ತು.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಅವರ 'ರಾಜಿ' ಇನ್ನೊಂದು ಕತೆ. 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಕೂಡಿಸಲು ನೋಡಿದರು, ಆಗಲಿಲ್ಲ. ಸ್ಥಾಪಕರಲ್ಲೊಬ್ಬರು ತಮ್ಮ ಫ್ಲಾಟ್ ಮಾರಿ ಕೆಲಸ ಮುಂದುವರಿಸಿದರು. ಗೇಮ್ ಹೊರಬಂದದ್ದು 2020ರಲ್ಲಿ. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಗೇಮ್‌ಗಳ ವಿಭಾಗಕ್ಕೆ ನಾಮಕರಣವೂ ಆಯಿತು.

ನನ್ನ ಮನಸ್ಸಿಗೆ ಹತ್ತಿರವಾದದ್ದು 'ವೆಂಬಾ'. ಟೊರಾಂಟೊದ ವಿಸೈ ಗೇಮ್ಸ್ ಎಂಬ ಪುಟ್ಟ ತಂಡ 2023ರಲ್ಲಿ ತಂದ ಗೇಮ್. 1980ರ ದಶಕದಲ್ಲಿ ಕೆನಡಾಕ್ಕೆ ಬಂದ ತಮಿಳು ತಾಯಿ, ಅಳಿಸಿಹೋಗುತ್ತಿರುವ ಅಡುಗೆ ಪುಸ್ತಕ, ಮನೆಮಾತಿನಿಂದ ದೂರ ಸರಿಯುವ ಮಗ. ಇಡ್ಲಿ ಬೇಯಿಸುವುದೇ ಅಲ್ಲಿ ಆಟ! 2024ರಲ್ಲಿ ಅದಕ್ಕೆ ಚೊಚ್ಚಲ ಗೇಮ್‌ಗೆ ಕೊಡುವ ಬಾಫ್ಟಾ ಪ್ರಶಸ್ತಿ ಬಂತು. ನಮ್ಮಂಥವರ ಮನೆಯ ಕತೆಯನ್ನು ಯಾರು ಆಡುತ್ತಾರೆ ಎಂಬ ನನ್ನ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು.

ಅದೃಷ್ಟವೂ ಇದೆ ಎನ್ನಿ. 'ಅಮಾಂಗ್ ಅಸ್' 2018ರಲ್ಲೇ ಬಂದಿತ್ತು. ನಮ್ಮ ನಿಮ್ಮ ಮಕ್ಕಳೆಲ್ಲ ಅದನ್ನು ಹಿಡಿದುಕೊಂಡದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ.

ಕಾಗದ ಪತ್ರ

ಇದು ನಮ್ಮಲ್ಲಿ ಬಹಳ ಮನೆಗಳಿಗೆ ಬೇಕಾದ ಮಾತು. ಮಗಳ ಸ್ನೇಹಿತನೊಬ್ಬ ಪಾಲುದಾರನಾಗಿ ಬರಲು ತಯಾರಿದ್ದ. ಅವನದು ಎಚ್-1ಬಿ. ಆ ವೀಸಾದಲ್ಲಿ ಅನುಮತಿ ಪಡೆದ ಕಂಪನಿಯ ಕೆಲಸ ಬಿಟ್ಟು ಪಕ್ಕದಲ್ಲಿ ಇನ್ನೊಂದು ಗಳಿಕೆಯ ಕೆಲಸ ಮಾಡುವಂತಿಲ್ಲ. ಲಾಯರು ಬೇಡವೆಂದರು, ಹುಡುಗ ಬೇಸರದಿಂದ ಹಿಂದೆ ಸರಿದ. ವಿದ್ಯಾರ್ಥಿ ವೀಸಾದ ಮಕ್ಕಳೂ ಕೇಳದೆ ಕೈಹಾಕಬಾರದು. ಪೌರತ್ವ ಇದ್ದವರೂ ಆಫೀಸಿನ ಕರಾರು ಓದಿಕೊಳ್ಳಬೇಕು. ವಾಷಿಂಗ್ಟನ್, ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ಸ್ವಂತ ಸಮಯದಲ್ಲಿ, ಸ್ವಂತ ಕಂಪ್ಯೂಟರಿನಲ್ಲಿ, ಕಂಪನಿಯ ವ್ಯವಹಾರಕ್ಕೆ ಸಂಬಂಧವಿಲ್ಲದೆ ಮಾಡಿದ್ದು ನಮ್ಮದೇ ಎನ್ನುವ ಕಾನೂನಿದೆ. ಎಲ್ಲ ರಾಜ್ಯಗಳಲ್ಲೂ ಹಾಗಿಲ್ಲ.

ಹಾಡಿಗೂ ಕಾಗದ ಬೇಕು. ಪುರಂದರದಾಸರ ಪದ ಎಲ್ಲರದೂ ಹೌದು. ಆದರೆ ಯಾರೋ ಹಾಡಿದ ಧ್ವನಿಮುದ್ರಣ ಎಲ್ಲರದಲ್ಲ. ಹಾಗಾಗಿ ಶಿವಮೊಗ್ಗದಲ್ಲಿರುವ ನನ್ನ ತಂಗಿಯಿಂದಲೇ ಹಾಡಿಸಿದೆವು. ಎರಡು ಪುಟದ ಕರಾರನ್ನು ಕಳಿಸಿದಾಗ ನನಗೇ ನಾಚಿಕೆ. ಸೋದರತ್ತೆಯ ಹತ್ತಿರ ಅಗ್ರಿಮೆಂಟೇ! ತಂಗಿ ನಕ್ಕು, "ಸಹಿ ಹಾಕ್ತೀನಿ ಕಣೋ ಅಣ್ಣ, ನನ್ನ ಹೆಸರು ಮಾತ್ರ ಕನ್ನಡ ಅಕ್ಷರದಲ್ಲೇ ಬರಬೇಕು" ಎಂದಳು.

ಅಲ್ಲೇ ಒಂದು ತೊಡಕು ಹೊರಬಿತ್ತು. ಗೇಮ್ ಮಾಡುವ ಎಷ್ಟೋ ತಂತ್ರಾಂಶಗಳಿಗೆ ನಮ್ಮ ಒತ್ತಕ್ಷರ ಕೂಡಿಸಲು ಬರುವುದಿಲ್ಲ. 'ಅಜ್ಜಿ' ಎಂದು ಬರೆದರೆ ತೆರೆಯ ಮೇಲೆ 'ಅಜ್‌ಜಿ' ಎಂದು ಮುರಿದು ನಿಲ್ಲುತ್ತಿತ್ತು! ಮಗಳು ಬಳಸುವುದು 'ಗೋಡೋ' ಎಂಬ ಉಚಿತ ತಂತ್ರಾಂಶ. ಹೆಸರು ಬಂದದ್ದು ಬೆಕೆಟ್ ನಾಟಕದಿಂದ ಎಂದು ಕೇಳಿ ಈ ಹಳೆಯ ನಾಟಕದವನಿಗೆ ಖುಷಿಯಾಯಿತು. 2023ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಗೆ ಒತ್ತಕ್ಷರ ಬರುತ್ತದೆ. ಹಳೆಯದರಿಂದ ಹೊಸದಕ್ಕೆ ಸಾಮಾನು ಸಾಗಿಸಲು ಮೂರು ತಿಂಗಳು ಹೋಯಿತು. ಆದರೆ ಅಜ್ಜಿ ಅಜ್ಜಿಯಾದಳು.

ನಾನು ಮಾಡಿದ ಎಡವಟ್ಟು

ಸುಮ್ಮನಿರಲಾರದೆ ನಾನೊಂದು ದಿನ ಸಂಘದವರಿಗೆಲ್ಲ ಮೆಸೇಜ್ ಹಾಕಿದೆ: "ಮಗಳ ಗೇಮ್ ಬರುತ್ತಿದೆ. ಎಲ್ಲರಿಗೂ ಬಿಟ್ಟಿ ಕೊಡಿಸುತ್ತೇನೆ. ಮೊದಲ ದಿನವೇ ಚೆನ್ನಾಗಿದೆ ಎಂದು ರಿವ್ಯೂ ಬರೆಯಿರಿ." ಹೆಮ್ಮೆಯಿಂದ ಮಗಳಿಗೆ ತೋರಿಸಿದೆ. ಅವಳ ಕಣ್ಣಲ್ಲಿ ನೀರು ಬಂತು.

"ಅಪ್ಪ, ಇದು ಮೋಸ. ಗೊತ್ತಾದರೆ ಗೇಮನ್ನೇ ಅಂಗಡಿಯಿಂದ ತೆಗೆದುಹಾಕಬಹುದು. ಮೂರು ವರ್ಷ ಮಾಡಿದ್ದಕ್ಕೆ ನಿನಗೆ ಅಷ್ಟೂ ನಂಬಿಕೆ ಇಲ್ವಾ?"

ಬಿಟ್ಟಿ ಕೊಟ್ಟ ಪ್ರತಿಯ ಮೇಲೆ ಬರೆದ ರಿವ್ಯೂಗಳನ್ನು ಸ್ಟೀಮ್ 2016ರಿಂದ ಅಂಕಕ್ಕೆ ಸೇರಿಸುವುದೇ ಇಲ್ಲವಂತೆ. ಕೊಂಡು ಆಡಿದ ಹತ್ತು ಜನ ಬರೆದ ಮೇಲಷ್ಟೇ ಪುಟದ ಮೇಲೆ ಜನರ ಒಟ್ಟು ಅಭಿಪ್ರಾಯದ ಅಂಕ ಕಾಣಿಸುವುದು. ಆ ಹತ್ತು ಮಂದಿಯನ್ನು ಗಳಿಸಬೇಕು, ಒಟ್ಟುಹಾಕಬಾರದು. ಅಂದೇ ರಾತ್ರಿ ಇನ್ನೊಂದು ಮೆಸೇಜ್ ಹಾಕಿ ಎಲ್ಲರ ಕ್ಷಮೆ ಕೇಳಿದೆ. ಅವಳು ಕೇಳಿದ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ. ಗೇಮಿನ ಮೇಲೆ ನನಗೆ ನಂಬಿಕೆ ಇದೆ. ಹೆದರಿಕೆ ಇದ್ದದ್ದು ಖಾಲಿ ಹಾಲಿನದು. ಎರಡೂ ಬೇರೆ ಎಂದು ಆಗ ಹೇಳಲು ತೋಚಲಿಲ್ಲ.

ಮುಹೂರ್ತ

ದೊಡ್ಡ ಕಂಪನಿಗಳ ಗೇಮ್‌ಗಳೆಲ್ಲ ಅಕ್ಟೋಬರ್, ನವೆಂಬರ್‌ನಲ್ಲಿ ಬರುತ್ತವೆ. ಡಿಸೆಂಬರ್ ಕೊನೆಗೆ ಸ್ಟೀಮ್‌ನ ದೊಡ್ಡ ಸೇಲ್. ಆ ಗದ್ದಲ ಮುಗಿದು ಸಂಕ್ರಾಂತಿ ಕಳೆಯಲಿ ಎಂದು ತೀರ್ಮಾನವಾಗಿದೆ. ಅವಳು ಮಂಗಳವಾರ ಎಂದಳು; ಅಮ್ಮ ಪಂಚಾಂಗ ಹಿಡಿದು ಮಂಗಳವಾರ ಬೇಡವೇ ಬೇಡ ಎಂದಳು. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಒಪ್ಪಂದವಾಯಿತು. ರಾಹುಕಾಲ ಒಂದೂವರೆಗೆ, ಪರವಾಗಿಲ್ಲ.

ಗೇಮಿನ ಹೆಸರನ್ನು ಈ ಲೇಖನದಲ್ಲಿ ಬರೆಯಕೂಡದೆಂದು ಮಗಳ ಕಟ್ಟಪ್ಪಣೆ. "ಸ್ಮರಣ ಸಂಚಿಕೆಗೆ ಜಾಹೀರಾತು ಕೇಳಿಕೊಂಡು ಅಂಗಡಿ ಅಂಗಡಿ ಅಲೆದವನು ನೀನು. ನಾನೂ ಎಲ್ಲರ ಹಾಗೆ ದುಡ್ಡು ಕೊಟ್ಟೇ ಹಾಕಿಸ್ತೀನಿ" ಎಂದು ಅರ್ಧ ಪುಟಕ್ಕೆ ಚೆಕ್ ಬರೆದುಕೊಟ್ಟಿದ್ದಾಳೆ. ಮಳೆ, ಅಜ್ಜಿ, ಕರು ಇರುವ ಜಾಹೀರಾತು ಕಂಡರೆ ಅದೇ.

ನಿಮ್ಮ ಮನೆಯಲ್ಲೂ ಬಾಗಿಲು ಹಾಕಿಕೊಂಡು ರಾತ್ರಿಯೆಲ್ಲ ಏನೋ ಮಾಡುತ್ತಿರುವ ಮಗನೋ ಮಗಳೋ ಇರಬಹುದು. ಒಮ್ಮೆ ಒಳಗೆ ಹೋಗಿ ಏನದು ಎಂದು ಕೇಳಿ. ಆಡಲು ಕೊಟ್ಟರೆ ಆಡಿ. ಎಲ್ಲಿ ತಡವರಿಸಿದಿರೆಂದು ನಿಜ ಹೇಳಿ. ಸ್ವಂತ ಮಗಳಿಗೆ ನಾನು ಕೊನೆಗೆ ಮಾಡಲಾದ ಸಹಾಯ ಅದೊಂದೇ. ಆ ಗುರುವಾರ ಗುಂಡಿ ಒತ್ತುವಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ, ಬಾಯಿ ಬಿಡದೆ!