ಪತ್ರೆಯ ಗಿಡದಲ್ಲಿ ಹುಳು ಕಂಡಾಗ

ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿನ ರಾಜಗೋಪಾಲನಗರದಂತಹ ಬಡಾವಣೆಗಳಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ. 20 ಅಡಿ ಅಗಲ, 30 ಅಡಿ ಉದ್ದದ ನಿವೇಶನದಲ್ಲಿ ಕಟ್ಟಡ ನಿಂತ ಮೇಲೆ ಗಿಡಗಳಿಗೆ ಉಳಿಯುವುದು ಗೇಟಿನ ಪಕ್ಕದ ಎರಡಡಿ ಮಣ್ಣು, ಇಲ್ಲವೇ ತಾರಸಿಯ ಕೆಲವು ಕುಂಡಗಳು. ಆದರೂ ಭಕ್ತರು ಅಷ್ಟರಲ್ಲಿಯೇ ಪೂಜೆಗೆಂದು ಬಿಲ್ವ, ಕಣಗಿಲೆಯನ್ನೂ ಅಡುಗೆಗೆಂದು ಕರಿಬೇವನ್ನೂ ಬೆಳೆಸುತ್ತಾರೆ. ಇವುಗಳ ಚಿಗುರನ್ನು ಹುಳು ತಿಂದಿರುವುದು ಕಂಡೊಡನೆ ಕೀಟನಾಶಕ ಸಿಂಪಡಿಸುವುದು ರೂಢಿಯಾಗಿದೆ. ಅದಕ್ಕೆ ಮುನ್ನ ಆ ಹುಳು ಯಾವುದೆಂದು ಅರಿಯುವುದು ಒಳಿತು.

ಬಿಲ್ವವೂ ಕರಿಬೇವೂ ನಿಂಬೆಯ ಕುಟುಂಬಕ್ಕೆ ಸೇರಿದ ಸಸ್ಯಗಳು. ನಿಂಬೆ ಚಿಟ್ಟೆ ಮತ್ತು ಕಾಮನ್ ಮಾರ್ಮನ್ ಎಂಬ ಚಿಟ್ಟೆಗಳು ಈ ಕುಟುಂಬದ ಎಲೆಗಳ ಮೇಲೆಯೇ ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದು ಬರುವ ಮರಿಹುಳು ಮೊದಲಿಗೆ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ಬೆಳೆದಂತೆ ಎಲೆಯ ಹಸಿರು ಬಣ್ಣವನ್ನು ತಾಳುತ್ತದೆ. ಕಣಗಿಲೆಯಲ್ಲಿ ಬೆಳೆಯುವುದು ಕಾಮನ್ ಕ್ರೋ ಚಿಟ್ಟೆ. ಅದರ ಕೋಶ ಬೆಳ್ಳಿಯಂತೆ ಹೊಳೆಯುತ್ತದೆ. ಎಕ್ಕದ ಗಿಡವನ್ನು ಆಶ್ರಯಿಸುವುದು ಪ್ಲೇನ್ ಟೈಗರ್. ಪ್ರತಿಯೊಂದು ಚಿಟ್ಟೆಯ ಮರಿಗೂ ಗೊತ್ತಾದ ಕೆಲವೇ ಸಸ್ಯಗಳು ಆಹಾರ. ಆದ್ದರಿಂದ ಹೂವಿನ ಗಿಡಗಳನ್ನು ಎಷ್ಟೇ ನೆಟ್ಟರೂ ಮರಿಗೆ ತಿನ್ನಲು ಎಲೆಯಿಲ್ಲದಿದ್ದರೆ ಚಿಟ್ಟೆಯ ಸಂತತಿ ಮುಂದುವರಿಯದು.

ಮರಿಹುಳುಗಳನ್ನು ನಂಬಿಕೊಂಡಿರುವ ಜೀವಿಗಳು ಬೇರೆಯೂ ಇವೆ. ಗುಬ್ಬಚ್ಚಿ ಕಾಳು ತಿನ್ನುವ ಹಕ್ಕಿಯಾದರೂ ತನ್ನ ಎಳೆಯ ಮರಿಗಳಿಗೆ ಉಣಿಸುವುದು ಹುಳುಗಳನ್ನು. ಸಿಂಪಿಗ ಹಕ್ಕಿಯ ಆಹಾರವೂ ಹುಳುಹುಪ್ಪಟೆಯೇ. ಹುಳುವನ್ನು ಸಂಪೂರ್ಣವಾಗಿ ಅಳಿಸಿದ ತೋಟಕ್ಕೆ ನಾವು ಕಾಳು ಚೆಲ್ಲಿ ಹಕ್ಕಿಗಳನ್ನು ಕರೆದರೂ ಅವು ಅಲ್ಲಿ ಮರಿ ಮಾಡಲಾರವು.

ಹಾಗಾದರೆ ಪೂಜೆಗೆ ಪತ್ರೆ ಎಲ್ಲಿಂದ? ಒಂದು ಗಿಡದ ಬದಲು ಎರಡು ನೆಡಬಹುದು. ಇರುವುದು ಒಂದೇ ಆದರೆ ಊನವಿಲ್ಲದ ದಳಗಳನ್ನು ಆರಿಸಿಕೊಂಡು ಉಳಿದುದನ್ನು ಬಿಡಬಹುದು. ಮರಿಹುಳುವಿನ ಕಾಲ ಕೆಲವೇ ವಾರಗಳದ್ದು. ಬೇರೂರಿದ ಗಿಡ ಮತ್ತೆ ಚಿಗುರುತ್ತದೆ. ತೀರ ಎಳೆಯ ಸಸಿಯಾಗಿದ್ದರೆ ಹುಳುವನ್ನು ಕಡ್ಡಿಯಿಂದ ಎತ್ತಿ ಅದೇ ಜಾತಿಯ ದೊಡ್ಡ ಗಿಡಕ್ಕೆ ಬಿಡಬೇಕು. ಬೇವಿನೆಣ್ಣೆ ನಿರಪಾಯಕಾರಿ ಎಂಬ ಭಾವನೆಯಿದೆ. ಆದರೆ ಅದೂ ಮರಿಹುಳುವಿಗೆ ಮಾರಕ. ಹೇನು, ಹಿಟ್ಟುತಿಗಣೆಗಳು ಹತ್ತಿದರೆ ನೀರನ್ನು ರಭಸವಾಗಿ ಹಾಯಿಸಿ ತೊಳೆಯಬೇಕು. ಅವುಗಳನ್ನು ತಿನ್ನುವ ಗುಲಗಂಜಿ ಹುಳುಗಳು ತಾವಾಗಿಯೇ ಬರುತ್ತವೆ.

ಬೇಸಿಗೆಯಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಒಂದೆರಡು ಅಂಗುಲ ನೀರಿಟ್ಟು, ಜೇನುನೊಣ ಕೂರಲು ಕಲ್ಲೊಂದನ್ನು ಇಡಬೇಕು. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಬಲಿತು ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಆದ್ದರಿಂದ ತಟ್ಟೆಯನ್ನು ಎರಡು ದಿನಕ್ಕೊಮ್ಮೆ ಉಜ್ಜಿ ತೊಳೆದು ಹೊಸ ನೀರು ತುಂಬಬೇಕು. ಉದುರಿದ ಎಲೆಗಳನ್ನು ಸುಡದೆ ಕುಂಡದ ಬುಡಕ್ಕೆ ಹೊದಿಸಿದರೆ ಎರೆಹುಳುವಿಗೆ ಆಸರೆಯಾಗುತ್ತದೆ, ಮಣ್ಣಿನ ತೇವವೂ ಉಳಿಯುತ್ತದೆ. ಕಣಗಿಲೆಯ ಎಲ್ಲ ಭಾಗಗಳೂ ವಿಷ. ಎಕ್ಕದ ಹಾಲು ಕಣ್ಣಿಗೆ ಅಪಾಯಕಾರಿ. ಮಕ್ಕಳಿರುವ ಮನೆಯವರು ಎಚ್ಚರದಿಂದಿರಬೇಕು. ಹಾವು ಕಂಡರೆ ಕೊಲ್ಲದೆ, ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಬೇಕು.

ಬಸವಾದಿ ಶರಣರು ಜೀವದಯೆಯನ್ನು ಧರ್ಮದಿಂದ ಬೇರೆ ಮಾಡಿ ನೋಡಲಿಲ್ಲ. ಹಸಿದು ಬಂದವರಿಗೆ ಅನ್ನವಿಕ್ಕುವ ದಾಸೋಹ ನಮ್ಮ ಪರಂಪರೆಯ ಹೆಮ್ಮೆ. ಹೇಳದೆ ಕೇಳದೆ ಬಂದು ನಾಲ್ಕು ಎಲೆಯನ್ನುಂಡು ಹೋಗುವ ಪುಟ್ಟ ಜೀವಿಯೂ ಹಸಿದು ಬಂದದ್ದೇ. ನಾಳೆ ಬೆಳಗ್ಗೆ ಪತ್ರೆ ಬಿಡಿಸುವಾಗ ಎಲೆಯ ಹಿಂಬದಿಯನ್ನೊಮ್ಮೆ ನೋಡೋಣ. ಅಲ್ಲಿ ಮರಿಹುಳುವಿದ್ದರೆ ಆ ರೆಂಬೆಯನ್ನು ಅದಕ್ಕೆ ಬಿಟ್ಟುಕೊಡೋಣ.