ಹಿತ್ತಲ ಹೊಂಡದ ಮೀನು

ಅಕ್ಕಂದಿರೇ, ಮೀನು ನೀರಿನಲ್ಲೇ ಇರುತ್ತದೆ. ಆದರೂ ಅದಕ್ಕೆ ಉಸಿರಾಡಲು ಗಾಳಿ ಬೇಕು. ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು ಅದು ಕಿವಿರಿನಿಂದ ಎಳೆದುಕೊಳ್ಳುತ್ತದೆ. ಇಷ್ಟು ತಿಳಿದರೆ ಹೊಂಡದ ಅರ್ಧ ಕೆಲಸ ತಿಳಿದ ಹಾಗೆ.

ಹಿತ್ತಲಲ್ಲಿ, ಹೊಲದ ಮೂಲೆಯಲ್ಲಿ ಈಗ ಎಷ್ಟೋ ಜನಕ್ಕೆ ಹೊಂಡ ಇದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂತು. ಒಣ ಸೀಮೆಯಲ್ಲೂ ಕೃಷಿ ಹೊಂಡ ತೆಗೆದರು. ನಾಲ್ಕೈದು ಅಡಿ ನೀರು ನಿಂತರೆ ಅದರಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕಬಹುದು. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ. ರೋಹು ನಡುವೆ. ಗೆಂಡೆ ತಳದಲ್ಲಿ. ಒಂದರ ಊಟಕ್ಕೆ ಇನ್ನೊಂದು ಬಾಯಿ ಹಾಕೋದು ಕಡಿಮೆ.

ಪೇಟೆಯ ದೊಡ್ಡ ಹೋಟೆಲಿನ ಮುಂದೆ ತೊಟ್ಟಿಯಲ್ಲಿ ಕೆಂಪು, ಬಿಳಿ ಮೀನು ನೋಡಿದ್ದೀರಾ? ಅದು ಕೋಯಿ. ಗೆಂಡೆಯ ಜಾತಿಯದೇ. ಜಪಾನಿನ ರೈತರು ಬಣ್ಣದ ಮೀನನ್ನೇ ಆರಿಸಿ ಆರಿಸಿ ಬೆಳೆಸಿದರು. ನೋಡೋಕೆ ಚೆಂದ. ಆದರೆ ಅದಕ್ಕೂ ಬೇಕಾದದ್ದು ಒಳ್ಳೆ ನೀರೇ.

ಎಷ್ಟು ಮರಿ ಬಿಡಬೇಕು? ಒಂದು ಗುಂಟೆ ನೀರಿಗೆ 50, 60 ಮರಿ ಸಾಕು. ಆಸೆಪಟ್ಟು 300 ಬಿಟ್ಟರೆ ಉಸಿರಿಗೂ ಸಾಲದು, ಮೇವಿಗೂ ಸಾಲದು. ಮರಿ ತಂದ ಚೀಲದ ಕಟ್ಟು ಕೂಡಲೇ ಬಿಚ್ಚಬೇಡಿ. ಹೊಂಡದ ನೀರಿನ ಮೇಲೆ 15, 20 ನಿಮಿಷ ತೇಲಬಿಡಿ. ಎರಡು ನೀರೂ ಒಂದೇ ತಂಪಿಗೆ ಬರಲಿ. ಆಮೇಲೆ ಬಿಚ್ಚಿ, ಮರಿ ತಾನಾಗಿ ಈಜಿ ಹೋಗಲಿ.

ದಿನಾ ಬೆಳಗಿನ ಜಾವ, ಬಾಗಿಲಿಗೆ ನೀರು ಹಾಕುವ ಮುಂಚೆ, ಒಮ್ಮೆ ಹೊಂಡ ನೋಡಿ ಬನ್ನಿ. ಯಾಕೆ ಗೊತ್ತಾ? ನೀರಿನ ಹಸಿರು ಪಾಚಿ ಹಗಲು ಬಿಸಿಲಿನಲ್ಲಿ ಪ್ರಾಣವಾಯು ಕೊಡುತ್ತದೆ. ರಾತ್ರಿ ಕೊಡೋದಿಲ್ಲ, ತಾನೇ ಎಳೆದುಕೊಳ್ಳುತ್ತದೆ. ಬೆಳಗಾಗುವ ಹೊತ್ತಿಗೆ ನೀರಿನಲ್ಲಿ ಅದು ಬಹಳ ಕಡಿಮೆ. ಮೋಡ ಮುಚ್ಚಿದ ದಿನಗಳಲ್ಲಿ ಇನ್ನೂ ಕಡಿಮೆ. ಆಗ ಮೀನೆಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. "ಪಾಪ, ಹಸಿವು" ಅಂತ ಮೇವು ಹಾಕೀರಿ, ಜೋಕೆ! ಅದು ಹಸಿವಲ್ಲ, ಉಸಿರು ಕಟ್ಟುತ್ತಿದೆ. ತಿನ್ನದೆ ಉಳಿದ ಮೇವು ಕೊಳೆತರೆ ಇರುವ ಪ್ರಾಣವಾಯುವೂ ಹೋಗುತ್ತದೆ.

ಕೂಡಲೇ ಬೋರಿನ ನೀರು ಬಿಡಿ. ಪೈಪನ್ನು ಎತ್ತರಕ್ಕೆ ಹಿಡಿಯಿರಿ. ನೀರು ಚದುರಿ ಬಿದ್ದಾಗ ಗಾಳಿ ಸೇರುತ್ತದೆ. ಕರೆಂಟು ಇಲ್ಲವೇ? ಹೊಂಡದ ನೀರನ್ನೇ ಬಿಂದಿಗೆಯಲ್ಲಿ ಮೊಗೆದು ಮೇಲಿನಿಂದ ಸುರಿಯಿರಿ. ಮನೆಯವರೆಲ್ಲಾ ಕೈ ಹಾಕಲಿ. ತಳದ ಕೆಸರು ಮಾತ್ರ ಕಲಕಬೇಡಿ.

ಪಾಚಿ ಹೆಚ್ಚಾಯಿತೋ ಇಲ್ಲವೋ, ನೋಡೋದು ಹೇಗೆ? ಬಿಸಿಲಿರುವಾಗ ದಡದಲ್ಲಿ ಭದ್ರವಾಗಿ ಕೂತು, ಮೊಳಕೈವರೆಗೆ ಕೈ ಇಳಿಸಿ. ಅಂಗೈ ಮಸುಕಾಗಿ ಕಂಡರೆ ನೀರು ಸರಿ ಇದೆ. ಬಳೆ ಮುಳುಗುವ ಮೊದಲೇ ಬೆರಳು ಕಾಣದಿದ್ದರೆ ಹಸಿರು ಮಿತಿಮೀರಿದೆ. ಸಗಣಿ ಹಾಕೋದು ನಿಲ್ಲಿಸಿ. ಮೇವು ಕಡಿಮೆ ಮಾಡಿ. ಸ್ವಲ್ಪ ನೀರು ತೆಗೆದು ಗಿಡಗಳಿಗೆ ಬಿಡಿ, ಬಾಳೆಗೆ ಅದು ಒಳ್ಳೆ ಗೊಬ್ಬರ. ತೆಗೆದಷ್ಟೇ ಹೊಸ ನೀರು ತುಂಬಿ. ಇಡೀ ಹೊಂಡ ಒಂದೇ ಸಲ ಬರಿದು ಮಾಡಬೇಡಿ.

ಮೇವಿಗೆ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮ ಸಮ. ಹಿಂಡಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ತೌಡು ಸೇರಿಸಿ ಉಂಡೆ ಮಾಡಿ. ಹಳೇ ತಟ್ಟೆಗೆ ಹಗ್ಗ ಕಟ್ಟಿ, ಉಂಡೆ ಇಟ್ಟು ನೀರಿಗೆ ಇಳಿಬಿಡಿ. ಎರಡು ಗಂಟೆ ಬಿಟ್ಟು ಎತ್ತಿ ನೋಡಿ. ಉಳಿದಿದ್ದರೆ ನಾಳೆ ಕಡಿಮೆ ಇಡಿ.

ಬೆಳೆಗೆ ಔಷಧಿ ಹೊಡೆದ ಪಂಪು, ಡಬ್ಬಿ ಹೊಂಡದಲ್ಲಿ ತೊಳೆಯಬಾರದು. ಒಂದೇ ದಿನದಲ್ಲಿ ಮೀನೆಲ್ಲಾ ಸತ್ತು ತೇಲಬಹುದು.

ಇನ್ನು ಮಕ್ಕಳ ವಿಚಾರ. ಪ್ಲಾಸ್ಟಿಕ್ ಹಾಸಿದ ಹೊಂಡ ಬಲು ಜಾರುತ್ತದೆ. ಕಾಲು ಜಾರಿ ಬಿದ್ದರೆ ದೊಡ್ಡವರಿಗೂ ಹತ್ತಿ ಬರಲಾಗದು. ಮರಿ ತರುವ ಮುಂಚೆಯೇ ಸುತ್ತ ಬೇಲಿ ಹಾಕಿ. ಗಟ್ಟಿ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ. ಒಂದು ತುದಿ ದಡದ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿ ನೀರಿನೊಳಗೆ ಇಳಿಬಿಡಿ. ಹೊಂಡದ ನಾಲ್ಕೂ ಕಡೆ ಇಂಥ ಹಗ್ಗ ಇರಲಿ.