ಹಣ್ಣಿಗೊಂದು ವರ್ಗ, ಉಪ್ಪಿನಕಾಯಿಗೆ ಇನ್ನೊಂದು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳು ಲಿಂಬೆಗೆ ಹೆಸರಾದವು. ಅಲ್ಲಿಯ ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ನೋಂದಣಿ ದೊರೆಯಿತು. ಶಿರಸಿ ಅಡಿಕೆಗೂ, ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೂ ಇದೇ ಮನ್ನಣೆ 2019ರಲ್ಲಿ ಬಂದಿತ್ತು. ಆದ್ದರಿಂದ ಲಿಂಬೆ ಬೆಳೆಗಾರರ ಮುಂದಿರುವ ಪ್ರಶ್ನೆ ನಮ್ಮದೂ ಹೌದು.

ಭೌಗೋಳಿಕ ಸೂಚಕ ಸೀಮೆಗೆ ಸೇರಿದ್ದು; ಅದು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಚೀಲದ ಮೇಲೆ, ಶೀಸೆಯ ಮೇಲೆ ಸಂಘ ತನ್ನದೇ ಗುರುತನ್ನು ಅಚ್ಚು ಹಾಕಿಸಬೇಕಾದರೆ ಟ್ರೇಡ್ ಮಾರ್ಕ್ ನೋಂದಣಿ ಬೇರೆಯೇ ಆಗಬೇಕು. ಆಗ ಅರ್ಜಿಯಲ್ಲಿ ಕೇಳುವ ಮುಖ್ಯ ಮಾತು: ಯಾವ ವರ್ಗ?

1957ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಆದ ಒಪ್ಪಂದದಂತೆ ಜಗತ್ತಿನ ಸರಕು, ಸೇವೆಗಳನ್ನು ವರ್ಗಗಳಾಗಿ ವಿಂಗಡಿಸಲಾಗಿದೆ. ಈಗ ಸರಕಿಗೆ 34, ಸೇವೆಗೆ 11, ಒಟ್ಟು 45 ವರ್ಗಗಳಿವೆ. ಭಾರತ ಈ ಒಪ್ಪಂದಕ್ಕೆ ಸೇರಿದ್ದು 2019ರಲ್ಲಿ.

ಒಂದೇ ಗಿಡದ ಲಿಂಬೆ ಎಷ್ಟು ಮನೆ ಸುತ್ತುತ್ತದೆ ನೋಡಿ. ತಾಜಾ ಹಣ್ಣು 31ನೇ ವರ್ಗ. ಉಪ್ಪಿನಕಾಯಿ 29. ಕುಡಿಯುವ ಪಾನಕ 32. ಸಿಪ್ಪೆಯಿಂದ ತೆಗೆದ ಸುಗಂಧ ತೈಲ ಸೌಂದರ್ಯವರ್ಧಕದ ಬಳಕೆಗಾದರೆ 3. ಹಣ್ಣಿಗೆ ಮಾತ್ರ ಗುರುತು ನೋಂದಾಯಿಸಿದ ಸಂಘ ನಾಳೆ ಉಪ್ಪಿನಕಾಯಿ ಮಾರಲು ಹೊರಟಾಗ, ಅದೇ ಗುರುತನ್ನು ಬೇರೊಬ್ಬ ವ್ಯಾಪಾರಿ 29ರಲ್ಲಿ ಮೊದಲೇ ಪಡೆದಿದ್ದರೆ ಗತಿಯೇನು? ತಕರಾರು ಹೂಡಬಹುದು, ಆದರೆ ಅದು ಕಾಲ ಮತ್ತು ಹಣ ತಿನ್ನುವ ದಾರಿ.

ಕಾಫಿಯ ದಾರಿ ಇನ್ನೊಂದು ಬಗೆ. ಹಸಿರು ಬೀಜವಾಗಲಿ, ಹುರಿದ ಪುಡಿಯಾಗಲಿ 30ನೇ ವರ್ಗವೇ. ಆದರೆ ಬೇರೆಯವರ ಬೀಜವನ್ನು ಕೂಲಿಗೆ ಹುರಿದುಕೊಟ್ಟರೆ ಅದು 40ನೇ ವರ್ಗದ ಸೇವೆ. ಕಾಫಿ ಕುಡಿಸುವ ಹೋಟೆಲು ತೆರೆದರೆ 43. ಸರಕು ಯಾವ ರೂಪದಲ್ಲಿ ಗಿರಾಕಿಯ ಕೈ ಸೇರುತ್ತದೆ ಎಂಬುದನ್ನು ನೋಡಿಯೇ ವರ್ಗ ಗೊತ್ತುಪಡಿಸಬೇಕು.

ಒಂದೇ ಅರ್ಜಿಯಲ್ಲಿ ಹಲವು ವರ್ಗ ಕೇಳಬಹುದು. ಶುಲ್ಕ ಮಾತ್ರ ವರ್ಗವೊಂದಕ್ಕೆ ಪ್ರತ್ಯೇಕ. ಹಾಗೆಂದು 45 ವರ್ಗಕ್ಕೂ ಹಣ ಕಟ್ಟುವುದು ಜಾಣತನವಲ್ಲ. ಐದು ವರ್ಷ ಮೂರು ತಿಂಗಳು ಬಳಸದ ಗುರುತನ್ನು ತೆಗೆಸಿಹಾಕಲು ಇತರರು ಅರ್ಜಿ ಹಾಕಬಹುದು. ನೋಂದಣಿಯ ಅವಧಿ ಹತ್ತು ವರ್ಷ, ಬಳಿಕ ನವೀಕರಿಸಬೇಕು.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ: ಇಂದು ಮಾರುತ್ತಿರುವುದನ್ನೂ ಮುಂದಿನ ಕೆಲವು ವರ್ಷಗಳಲ್ಲಿ ಖಚಿತವಾಗಿ ಮಾರಲಿರುವುದನ್ನೂ ಮೊದಲು ಪಟ್ಟಿ ಮಾಡಿ. ಪ್ರತಿಯೊಂದರ ಎದುರು ವರ್ಗದ ಅಂಕಿ ಬರೆದ ಮೇಲೆಯೇ ಅರ್ಜಿಗೆ ಸಹಿ ಹಾಕಿ.